ಪುಣೆಯ ಪೂರ್ವದ ಒಣಬಯಲಿನಲ್ಲಿ ವಿದೇಶಿ ಹಣ್ಣಿನ ಮರಗಳನ್ನು ಬೆಳೆಸುವ ಬಗೆ

ಪುಣೆಯಿಂದ ಸೋಲಾಪುರ ರಸ್ತೆ ಹಿಡಿದು ಉರುಳಿ ಕಾಂಚನ ದಾಟುವಷ್ಟರಲ್ಲಿ ಹವೆ ಬದಲಾಗಿರುತ್ತದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ದೌಂಡ್, ಬಾರಾಮತಿ, ಇಂದಾಪುರ ತಾಲ್ಲೂಕುಗಳಲ್ಲಿ ವರ್ಷದ ಮಳೆ ಸುಮಾರು 500 ಮಿ.ಮೀ. ಆಸುಪಾಸಿನಲ್ಲಿದ್ದು, ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿದ್ದುಹೋಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ವಾಡಿಕೆ. ಈ ಭಾಗದಲ್ಲಿ ಹತ್ತಿಪ್ಪತ್ತು ಗುಂಟೆ ಜಮೀನು ಮಾಡಿಕೊಂಡು ವಾರಾಂತ್ಯಕ್ಕೆ ಹೋಗಿಬರುವ ಪುಣೆ ಕನ್ನಡಿಗರು ಸಾಕಷ್ಟಿದ್ದಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ ಈ ಬಿಸಿಲೂ ಈ ಎರೆ ಮಣ್ಣೂ ಹೊಸತಲ್ಲ. ಉಡುಪಿ, ಪುತ್ತೂರು ಕಡೆಯವರು ಮಾತ್ರ ಊರಿನಿಂದ ರಂಬುಟಾನ್, ಮ್ಯಾಂಗೋಸ್ಟೀನ್ ಸಸಿಗಳನ್ನು ಕಾರಿನಲ್ಲಿ ತಂದು ನೆಡುತ್ತಾರೆ. ಮೇ ತಿಂಗಳಲ್ಲಿ ಎಲೆಯಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿದಾಗ ನೀರು ಸಾಲಲಿಲ್ಲವೆಂದು ಇನ್ನಷ್ಟು ನೀರು ಹಾಯಿಸುತ್ತಾರೆ.

ಮರುಭೂಮಿಯಲ್ಲಿ ಹಣ್ಣಿನ ಮರ ಬೆಳೆಸುವ ವಿದ್ಯೆ ಜಗತ್ತಿನ ಹಲವೆಡೆ ಚೆನ್ನಾಗಿ ಬೆಳೆದಿದೆ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಮೀರಿತ್ತು. ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳದ ಆ ಊರಿನ ಹಿತ್ತಲುಗಳಲ್ಲಿ ಅಂಜೂರ, ಖರ್ಜೂರ, ಕಿತ್ತಳೆ, ದಾಳಿಂಬೆ ಮಾತ್ರವಲ್ಲ, ಮಾವಿನ ಮರಗಳೂ ಫಲ ಕೊಡುತ್ತವೆ. ಅಲ್ಲಿಯವರ ವಿಧಾನಗಳು ನಮಗೂ ಉಪಯುಕ್ತ, ಆದರೆ ಅರ್ಧ ವರ್ಷಕ್ಕೆ ಮಾತ್ರ. ನಮ್ಮದು ಫೆಬ್ರವರಿಯಿಂದ ಮೇ ತನಕ ಮರುಭೂಮಿ, ಜುಲೈನಿಂದ ಸೆಪ್ಟೆಂಬರ್ ತನಕ ಕೆಸರು ಗದ್ದೆ. ಮರುಭೂಮಿಯ ಸಲಹೆಯನ್ನು ಅಕ್ಷರಶಃ ಪಾಲಿಸಿದ ಗಿಡ ಬೇಸಿಗೆಯನ್ನು ಗೆದ್ದು ಆಗಸ್ಟ್‌ನಲ್ಲಿ ಬೇರು ಕೊಳೆತು ಸಾಯುತ್ತದೆ. ಆದ್ದರಿಂದ ಮುಂದಿನ ಪ್ರತಿಯೊಂದು ಹಂತದಲ್ಲೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ: ಇದು ಮೇ ತಿಂಗಳಲ್ಲಿ ಏನು ಮಾಡುತ್ತದೆ, ಆಗಸ್ಟ್‌ನಲ್ಲಿ ಏನು ಮಾಡುತ್ತದೆ?

ಮಣ್ಣು ಮತ್ತು ನೀರಿನ ಪರೀಕ್ಷೆ

ಸಸಿ ಕೊಳ್ಳುವ ಮೊದಲು ಎರಡು ಅಡಿ ಆಳದ ಗುಂಡಿಯೊಂದನ್ನು ತೋಡಿ. ಮೇಲಿನ ಕಪ್ಪು ಮಣ್ಣು ಎಷ್ಟು ಆಳವಿದೆ, ಅದರ ಕೆಳಗೆ ಗರಸು (ಪುಡಿಕಲ್ಲಿನ ಮಣ್ಣು) ಎಲ್ಲಿ ಸಿಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಗುಂಡಿಗೆ ಬಾಯಿಮಟ್ಟ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಎರಡನೆಯ ಸಲ ನೀರಿನ ಮಟ್ಟ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಅಳೆಯಿರಿ. ಗಂಟೆಗೆ ಒಂದು ಅಂಗುಲಕ್ಕಿಂತ ಹೆಚ್ಚು ಇಳಿದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಆ ಜಾಗದಲ್ಲಿ ಗುಂಡಿ ತೋಡಿ ಯಾವ ಹಣ್ಣಿನ ಮರವನ್ನೂ ನೆಡಬಾರದು. ದಿಬ್ಬದ ಮೇಲೆಯೇ ನೆಡಬೇಕು. ಎರೆ ಮಣ್ಣಿನ ಜೇಡಿ ಅಂಶ ಒದ್ದೆಯಾದಾಗ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಟ್ಟು ಎಳೆ ಬೇರುಗಳನ್ನು ಹರಿಯುತ್ತದೆ. ತೆಳುವಾದ ಕಪ್ಪು ಮಣ್ಣಿನ ಕೆಳಗೆ ಒಡೆದ ಗರಸು ಇರುವ ಜಮೀನನ್ನು ಬಡ ಜಮೀನು ಎಂದು ಅಗ್ಗಕ್ಕೆ ಮಾರುತ್ತಾರೆ. ಕಬ್ಬಿಗೆ ಅದು ಬಡ ಜಮೀನೇ ಇರಬಹುದು, ಹಣ್ಣಿನ ಮರಗಳಿಗೆ ಮಾತ್ರ ಆಳವಾದ ಎರೆಗಿಂತ ಎಷ್ಟೋ ವಾಸಿ. ಬಾರಾಮತಿ ಬಳಿಯ ಮಾಳೇಗಾಂವದಲ್ಲಿ 2009ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಜೈವಿಕ ಒತ್ತಡ (ಬರ, ಬಿಸಿಲು, ಉಪ್ಪಿನಂಥವು) ನಿರ್ವಹಣಾ ಸಂಸ್ಥೆ ಇಂಥ ಕಲ್ಲುಗರಸಿನ ನೆಲದಲ್ಲೇ ಡ್ರ್ಯಾಗನ್ ಹಣ್ಣಿನ ಪ್ರಯೋಗಗಳನ್ನು ನಡೆಸಿದೆ.

ಮಣ್ಣಿನ ಪಿ.ಎಚ್. (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಮೇಲಿದ್ದರೆ ಕ್ಷಾರ) ಈ ಭಾಗದಲ್ಲಿ ಸಾಮಾನ್ಯವಾಗಿ 7.8ರಿಂದ 8.5ರ ನಡುವೆ ಇರುತ್ತದೆ. ಜೊತೆಗೆ ಸುಣ್ಣದ ಹರಳುಗಳೂ ಕಾಣಸಿಗುತ್ತವೆ. ಮಣ್ಣು ಮತ್ತು ನೀರಿನ ಪರೀಕ್ಷೆಗೆ ಬಾರಾಮತಿ ಅಥವಾ ನಾರಾಯಣಗಾಂವದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮಣ್ಣಿಗಿಂತಲೂ ನೀರಿನ ವರದಿಯನ್ನು ಹೆಚ್ಚು ಗಮನವಿಟ್ಟು ಓದಬೇಕೆಂಬುದು ನನ್ನ ಒತ್ತಾಯ, ಏಕೆಂದರೆ ಮಣ್ಣನ್ನು ಸ್ವಲ್ಪಮಟ್ಟಿಗೆ ತಿದ್ದಬಹುದು, ಬೋರ್‌ವೆಲ್ಲಿನ ನೀರನ್ನು ತಿದ್ದುವುದು ದುಬಾರಿ. ವರದಿ ಬರುವ ತನಕ ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಅಳೆಯುವ ಸಣ್ಣ ಟಿ.ಡಿ.ಎಸ್. ಮೀಟರಿನಿಂದಲೂ ಅಂದಾಜು ಸಿಗುತ್ತದೆ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಯಾವ ಮರವನ್ನಾದರೂ ಯೋಚಿಸಬಹುದು. ಅದು 1000ದ ಹತ್ತಿರ ಬಂದರೆ ಅಂಜೂರ, ದಾಳಿಂಬೆ ಸಹಿಸಿಕೊಳ್ಳುತ್ತವೆ, ಬೆಣ್ಣೆಹಣ್ಣಿನ ಎಲೆತುದಿ ಸುಡಲು ಶುರುವಾಗುತ್ತದೆ. 1500 ದಾಟಿದರೆ ಖರ್ಜೂರ ಮತ್ತು ಬೋರೆಯನ್ನು ಬಿಟ್ಟು ಬೇರೆಯದರ ಆಸೆ ಬಿಡುವುದು ಲೇಸು. ಒಟ್ಟು ಲವಣದ ಜೊತೆಗೆ ಕ್ಲೋರೈಡ್ ಮತ್ತು ಸೋಡಿಯಂ ಪ್ರಮಾಣವನ್ನೂ ಪ್ರತ್ಯೇಕವಾಗಿ ಕೇಳಿ ಪಡೆಯಿರಿ: ಮೊದಲನೆಯದು ಎಲೆಯನ್ನು ಸುಡುತ್ತದೆ, ಎರಡನೆಯದು ಜೇಡಿಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಸೋಡಿಯಂ ಹೆಚ್ಚಿದ್ದು ಮಣ್ಣಿನ ಪಿ.ಎಚ್. 8.5 ಮೀರಿದ್ದರೆ ಮಳೆಗಾಲಕ್ಕೆ ಮುಂಚೆ ಜಿಪ್ಸಂ ಹಾಕಿ, ಮಳೆಯ ನೀರೇ ಅದನ್ನು ಒಳಗಿಳಿಸುವಂತೆ ಮಾಡಬೇಕು.

ಯಾವ ಮರ, ಯಾವುದು ಬೇಡ

ಬಿಸಿಲು ತಡೆಯುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಮರವನ್ನು ಆರಿಸಬಾರದು. ಒಣಗಾಳಿ, ಸುಣ್ಣದ ಮಣ್ಣು, ಉಪ್ಪು ನೀರು ಮತ್ತು ಮಳೆಗಾಲದ ತೇವ ಎಂಬ ನಾಲ್ಕನ್ನೂ ತಾಳಬೇಕು. ಈ ನಾಲ್ಕರಲ್ಲಿ ಅಂಜೂರ ಎಲ್ಲರಿಗಿಂತ ಮುಂದಿದೆ. ಪಕ್ಕದ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಿಕೆಯ (ಜಿ.ಐ.) ಮಾನ್ಯತೆ ಸಿಕ್ಕಿದೆ ಎಂದ ಮೇಲೆ ಹೆಚ್ಚು ಹೇಳಬೇಕಿಲ್ಲ. ದಾಳಿಂಬೆ ಈ ನೆಲದ ವಾಣಿಜ್ಯ ಬೆಳೆಯೇ ಆಗಿರುವುದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ. ಡ್ರ್ಯಾಗನ್ ಹಣ್ಣು ಕಳ್ಳಿಯ ಜಾತಿಯದಾದರೂ ಮರುಭೂಮಿಯ ಗಿಡವಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರಕ್ಕೆ ಹಬ್ಬಿಕೊಂಡು ಅರೆನೆರಳಿನಲ್ಲಿ ಬೆಳೆಯುವ ಬಳ್ಳಿ ಅದು. ಆ ಮೂಲವನ್ನು ನೆನಪಿನಲ್ಲಿಟ್ಟುಕೊಂಡರೆ ಅದಕ್ಕೆ ಬೇಸಿಗೆಯಲ್ಲಿ ನೆರಳು ಏಕೆ ಬೇಕೆಂದು ಪ್ರತ್ಯೇಕವಾಗಿ ಹೇಳಬೇಕಾಗುವುದಿಲ್ಲ. ಹಿಪ್ಪುನೇರಳೆ, ಬಾರ್ಬಡೋಸ್ ಚೆರ್ರಿ, ಆಪಲ್ ಬೋರೆ ಇವು ಹೊಸಬರಿಗೆ ಧೈರ್ಯ ತುಂಬುವ ಗಿಡಗಳು.

ಬೆಣ್ಣೆಹಣ್ಣು ನಡುವಿನ ದರ್ಜೆಯದು: ಸಾಧ್ಯ, ಆದರೆ ಸೇವೆ ಬೇಡುತ್ತದೆ. ಖರ್ಜೂರದ ಕಾಲು ನೀರಿನಲ್ಲಿ, ತಲೆ ಬೆಂಕಿಯಲ್ಲಿ ಇರಬೇಕೆಂದು ಅರಬರು ಹೇಳುತ್ತಾರೆ. ನಮ್ಮಲ್ಲಿ ಬೆಂಕಿಗೆ ಕೊರತೆಯಿಲ್ಲ, ಹಣ್ಣು ಬಲಿಯುವ ಹೊತ್ತಿಗೆ ತಲೆಯ ಮೇಲೆ ಮಳೆ ಸುರಿಯುವುದೇ ತೊಡಕು. ಕಡಿಮೆ ಚಳಿಯಲ್ಲೂ ಹೂ ಬಿಡುವ ಸೇಬಿನ ತಳಿಗಳಾದ ಅನ್ನಾ, ಡಾರ್ಸೆಟ್ ಗೋಲ್ಡನ್, ಎಚ್.ಆರ್.ಎಂ.ಎನ್.-99 ಸಸಿಗಳನ್ನು ಇಲ್ಲಿನ ನರ್ಸರಿಗಳು ಉತ್ಸಾಹದಿಂದ ಮಾರುತ್ತವೆ. ಕುತೂಹಲಕ್ಕೆ ಒಂದು ನೆಡಬಹುದು. ಹತ್ತು ಗುಂಟೆಯನ್ನು ಅದಕ್ಕೇ ಮೀಸಲಿಡುವುದನ್ನು ನಾನು ಯಾರಿಗೂ ಹೇಳಲಾರೆ. ರಂಬುಟಾನ್, ಮ್ಯಾಂಗೋಸ್ಟೀನ್, ದುರಿಯನ್ ಇವುಗಳಿಗೆ ವರ್ಷವಿಡೀ ಗಾಳಿಯಲ್ಲಿ ತೇವ ಬೇಕು. ಅವು ಕೊಂಕಣದಲ್ಲಿ, ಗೋವೆಯಲ್ಲಿ, ದಕ್ಷಿಣ ಕನ್ನಡದಲ್ಲಿ ಚೆನ್ನಾಗಿರಲಿ. ಬ್ಲೂಬೆರ್ರಿ 4.5ರಿಂದ 5.5ರ ಪಿ.ಎಚ್. ಕೇಳುವುದರಿಂದ ನಮ್ಮ ನೆಲದ ಪ್ರಶ್ನೆಯೇ ಬರುವುದಿಲ್ಲ, ಕುಂಡದಲ್ಲೂ ಅದು ದಿನನಿತ್ಯದ ಹೋರಾಟ.

ನರ್ಸರಿಯಲ್ಲಿ ಸಸಿಯ ಎತ್ತರಕ್ಕೆ ಮರುಳಾಗದೆ ಚೀಲದ ತಳವನ್ನು ನೋಡಿ. ಬೇರು ಚೀಲದೊಳಗೆ ಸುತ್ತು ಹಾಕಿಕೊಂಡಿರುವ ಐದಡಿಯ ಗಿಡಕ್ಕಿಂತ ನೇರ ಬೇರಿನ ಒಂದೂವರೆ ಅಡಿಯ ಕಸಿ ಗಿಡ ಮೂರು ವರ್ಷದಲ್ಲಿ ಮುಂದೆ ಹೋಗುತ್ತದೆ. ಕೇರಳದಿಂದಲೋ ಕೊಂಕಣದಿಂದಲೋ ಬಂದ ಸಸಿಗಳು ದಟ್ಟ ನೆರಳಿನಲ್ಲಿ, ತೇವದ ಗಾಳಿಯಲ್ಲಿ ಬೆಳೆದಿರುತ್ತವೆ. ಅವನ್ನು ತಂದ ಕೂಡಲೇ ಬಯಲಿಗಿಡದೆ, ಮೊದಲ ವಾರ ಮರದಡಿಯ ನೆರಳಿನಲ್ಲಿ, ಆಮೇಲೆ ಬೆಳಗಿನ ಬಿಸಿಲು ಮಾತ್ರ ಬೀಳುವಲ್ಲಿ, ಹೀಗೆ ಎರಡು ಮೂರು ವಾರ ಹದ ಮಾಡಬೇಕು. ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಸಸಿಯಾದರೆ ಇನ್ನೊಂದು ಎಚ್ಚರ ಬೇಕು. ಆ ಪುಡಿಯ ಉಂಡೆ ಒಮ್ಮೆ ಪೂರ್ತಿ ಒಣಗಿದರೆ ಸುತ್ತಲಿನ ಎರೆ ಮಣ್ಣು ಒದ್ದೆಯಾಗಿದ್ದರೂ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಗಿಡ ನೀರಿನ ನಡುವೆಯೇ ಬಾಡುತ್ತದೆ. ನೆಡುವ ಮುನ್ನ ಉಂಡೆಯನ್ನು ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿ, ಹೊರ ಪದರವನ್ನು ಕೈಯಿಂದ ಸಡಿಲಿಸಿ, ಸ್ವಲ್ಪ ಪುಡಿಯನ್ನು ಉದುರಿಸಿಬಿಡಿ.

ದಿಬ್ಬದ ಮೇಲೆ ನೆಡುವುದು

ಮರುಭೂಮಿಯಲ್ಲಿ ಗಿಡವನ್ನು ತಗ್ಗಿನಲ್ಲಿ ನೆಟ್ಟು ಸುತ್ತ ಬೋಗುಣಿಯಂತೆ ಪಾತಿ ಕಟ್ಟುತ್ತಾರೆ, ಅಪರೂಪಕ್ಕೆ ಬೀಳುವ ಮಳೆಯೆಲ್ಲ ಬುಡಕ್ಕೆ ಹರಿದುಬರಲಿ ಎಂದು. ಇಲ್ಲಿ ಅದನ್ನು ತಲೆಕೆಳಗು ಮಾಡಬೇಕು. ಮೂರು ಅಡಿ ಅಗಲದ ಜಾಗದಲ್ಲಿ ನೆಲವನ್ನು ಒಂದು ಅಡಿ ಆಳ ಸಡಿಲಿಸಿ, ಅದರ ಮೇಲೆ ಒಂದರಿಂದ ಒಂದೂವರೆ ಅಡಿ ಎತ್ತರದ ದಿಬ್ಬ ಏರಿಸಬೇಕು. ದಿಬ್ಬಕ್ಕೆ ಅಲ್ಲಿಯದೇ ಮೇಲ್ಮಣ್ಣು ಎರಡು ಪಾಲು, ಸಣ್ಣ ಗರಸು ಒಂದು ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸಾಕು; ಗೆದ್ದಲಿನ ಭಯವಿದ್ದಲ್ಲಿ ಬೇವಿನ ಹಿಂಡಿ ಒಂದು ಕಿಲೋ ಬೆರೆಸಿ. ಆಳವಾದ ಗುಂಡಿ ತೋಡಿ ಒಳ್ಳೆಯ ಹಗುರ ಮಣ್ಣನ್ನು ತುಂಬುವ ರೂಢಿಯನ್ನು ಎರೆ ಭೂಮಿಯಲ್ಲಿ ಬಿಡಬೇಕು, ಏಕೆಂದರೆ ಸುತ್ತಲಿನ ಜೇಡಿ ನೀರು ಬಿಡದೆ ಅಂಥ ಗುಂಡಿ ಮಳೆಗಾಲದಲ್ಲಿ ತುಂಬಿದ ತಪ್ಪಲೆಯಾಗುತ್ತದೆ. ಕಸಿಯ ಗಂಟು ಮಣ್ಣಿನಿಂದ ಕನಿಷ್ಠ ಅರ್ಧ ಅಡಿ ಮೇಲಿರಲಿ. ದಿಬ್ಬ ಮೊದಲ ಮಳೆಗೆ ಮೂರು ನಾಲ್ಕು ಅಂಗುಲ ಕುಸಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ದಿಬ್ಬಕ್ಕೆ ಬೇಸಿಗೆಯ ಕೊರತೆಯೊಂದಿದೆ: ಅದು ಸಮತಟ್ಟಾದ ನೆಲಕ್ಕಿಂತ ಬೇಗ ಒಣಗುತ್ತದೆ, ಬೇಗ ಕಾಯುತ್ತದೆ. ಹೀಗಾಗಿ ಅಕ್ಟೋಬರ್‌ನಲ್ಲಿ ದಿಬ್ಬದ ತಲೆಯನ್ನು ತುಸು ತಟ್ಟೆಯಂತೆ ಮಾಡಿ ಅಂಚು ಕಟ್ಟಬೇಕು. ಮೇ ಕೊನೆಯಲ್ಲಿ ಆ ಅಂಚನ್ನು ಎರಡು ಕಡೆ ಒಡೆದು ನೀರು ಹೊರಗೆ ಹರಿಯುವಂತೆ ಬಿಡಬೇಕು. ಗುದ್ದಲಿ ಹಿಡಿದರೆ ಗಿಡವೊಂದಕ್ಕೆ ಐದು ನಿಮಿಷದ ಕೆಲಸ. ಇಳಿಜಾರಿಗೆ ಅಡ್ಡವಾಗಿ ಸಾಲುಗಳ ನಡುವೆ ಒಂದಡಿ ಅಗಲದ ಬಸಿಗಾಲುವೆ ಇದ್ದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

ನೆಡುವ ಕಾಲದ ಬಗ್ಗೆ ಇಲ್ಲಿನ ರೈತರು ಜೂನ್ ಎನ್ನುತ್ತಾರೆ. ಅಂಜೂರ, ಬೋರೆ, ಡ್ರ್ಯಾಗನ್ ಹಣ್ಣುಗಳಿಗೆ ಅದು ಸರಿ. ಬೇರುಕೊಳೆಗೆ ಸುಲಭವಾಗಿ ಬಲಿಯಾಗುವ ಬೆಣ್ಣೆಹಣ್ಣಿನಂಥ ಮರಗಳನ್ನು ಸೆಪ್ಟೆಂಬರ್ ಕೊನೆಯಲ್ಲಿ, ದೊಡ್ಡ ಮಳೆ ಮುಗಿದ ಮೇಲೆ ನೆಡುವುದು ಒಳ್ಳೆಯದು: ಅಕ್ಟೋಬರ್ ಬಿಸಿಲಿಗೆ ಸಣ್ಣ ನೆರಳು ಕೊಟ್ಟರೆ ಸಾಕು, ಆಮೇಲೆ ಚಳಿಗಾಲ ಪೂರ್ತಿ ಬೇರು ಬಿಡಲು ಸಿಗುತ್ತದೆ. ಫೆಬ್ರವರಿ ನಂತರ ಏನನ್ನೂ ನೆಡಬೇಡಿ.

ಪಶ್ಚಿಮದ ಬಿಸಿಲಿಗೆ ತಡೆ

ಮಧ್ಯಾಹ್ನ ಎರಡರಿಂದ ಐದರವರೆಗಿನ ಓರೆ ಬಿಸಿಲು ಎಳೆ ಮರದ ಕಾಂಡವನ್ನು ಸುಡುತ್ತದೆ. ತೊಗಟೆ ಸೀಳಿ, ಅಲ್ಲಿಂದ ಕಾಂಡ ಕೊರಕ ಹುಳವೂ ಶಿಲೀಂಧ್ರವೂ ಒಳನುಗ್ಗುತ್ತವೆ. ಇದಕ್ಕೆ ಅತಿ ಅಗ್ಗದ ಉಪಾಯ ಸುಣ್ಣ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವನ್ನು ಬೇರೆ ಬೇರೆಯಾಗಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಒಟ್ಟು 10 ಲೀಟರ್ ಆಗುವಂತೆ ಬೆರೆಸಿದ ಬೋರ್ಡೊ ಮುಲಾಮನ್ನು ಮಳೆಗಾಲದ ಮೊದಲು ಮತ್ತು ನಂತರ ಬುಡದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಳಿಯುವುದು ದಾಳಿಂಬೆ ರೈತರ ರೂಢಿ. ಅದು ರೋಗ ತಡೆಗೆ. ಬಿಸಿಲಿನ ತಡೆಗೆ ಮಾರ್ಚ್ ಆರಂಭದಲ್ಲಿ ಬಿಳಿ ಸುಣ್ಣವನ್ನೋ ಅರ್ಧಕ್ಕರ್ಧ ನೀರು ಬೆರೆಸಿದ ಬಿಳಿ ಡಿಸ್ಟೆಂಪರನ್ನೋ ಕಾಂಡಕ್ಕೂ ಮೇಲ್ಮುಖದ ಕೊಂಬೆಗಳಿಗೂ ಪ್ರತ್ಯೇಕವಾಗಿ ಹಚ್ಚಬೇಕು. ಎಣ್ಣೆ ಬಣ್ಣ ಹಚ್ಚಬಾರದು.

ನೆರಳು ಪರದೆಯನ್ನು ಗಿಡದ ಮೇಲೆ ಹೊದಿಸುವುದಕ್ಕಿಂತ ಪಶ್ಚಿಮ ಮತ್ತು ನೈಋತ್ಯ ದಿಕ್ಕಿಗೆ ಗೋಡೆಯಂತೆ ಕಟ್ಟುವುದು ಹೆಚ್ಚು ಉಪಯೋಗಕಾರಿ. ಗಾಳಿಯಾಡುತ್ತದೆ, ಬೆಳಗಿನ ಬಿಸಿಲು ಗಿಡಕ್ಕೆ ಸಿಗುತ್ತದೆ, ಬೀಸುವ ಬಿಸಿಗಾಳಿಯ ವೇಗವೂ ತಗ್ಗುತ್ತದೆ. ಅರ್ಧ ಬಿಸಿಲನ್ನು ತಡೆಯುವ ಶೇಕಡಾ 50ರ ಪರದೆ ಸಾಕು. ಶೇಕಡಾ 75ರದ್ದು ಗಿಡವನ್ನು ಸಣಕಲು ಮಾಡುತ್ತದೆ. ಪರದೆಗಿಂತಲೂ ನನಗೆ ಇಷ್ಟವಾಗುವುದು ಜೀವಂತ ನೆರಳು. ಜೂನ್‌ನಲ್ಲಿ ಪ್ರತಿ ಗಿಡದ ಪಶ್ಚಿಮಕ್ಕೆ ಮೂರಡಿ ದೂರದಲ್ಲಿ ತೊಗರಿಯ ಒಂದು ಸಾಲು ಬಿತ್ತಿ, ಕಾಯಿ ಬಿಡಿಸಿಕೊಂಡ ಮೇಲೂ ಗಿಡವನ್ನು ಕೀಳದೆ ಮೇ ತನಕ ನಿಲ್ಲಿಸಿಕೊಂಡರೆ ಪರದೆಯ ಖರ್ಚು ಉಳಿಯುತ್ತದೆ, ಮಣ್ಣಿಗೆ ಸಾರಜನಕವೂ ಸೇರುತ್ತದೆ. ಕಲಬುರಗಿಯವರಿಗೆ ತೊಗರಿ ಬಿತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹೆಚ್ಚು ಕಾಲ ಉಳಿಯುವ ನೆರಳಿಗೆ ನುಗ್ಗೆ ಅಥವಾ ಅಗಸೆ ಮರ ನೆಟ್ಟು, ಮಳೆ ಬಿದ್ದ ಕೂಡಲೇ ಅವುಗಳ ಕೊಂಬೆಗಳನ್ನು ಕತ್ತರಿಸಿ ಹೊದಿಕೆಯಾಗಿ ಬಳಸಬಹುದು.

ನೀರಿನ ಲೆಕ್ಕ

ಒಂದು ಚದರ ಮೀಟರ್ ಜಾಗದಿಂದ ಒಂದು ಮಿಲಿಮೀಟರ್ ನೀರು ಆವಿಯಾದರೆ ಅದು ಒಂದು ಲೀಟರ್. ಈ ಒಂದು ಸೂತ್ರದಿಂದ ಗಿಡಕ್ಕೆ ಬೇಕಾದ ನೀರನ್ನು ಅಂದಾಜು ಮಾಡಬಹುದು. ಕಡು ಬೇಸಿಗೆಯಲ್ಲಿ ದಿನದ ಆವಿ 10 ಮಿ.ಮೀ. ಎಂದಿಟ್ಟುಕೊಳ್ಳೋಣ. ಗಿಡದ ಹರವು ಒಂದು ಮೀಟರ್ ವ್ಯಾಸವಿದ್ದರೆ ಅದರ ವಿಸ್ತೀರ್ಣ ಸುಮಾರು 0.8 ಚದರ ಮೀಟರ್. 10ರಿಂದ ಗುಣಿಸಿ, ಹಣ್ಣಿನ ಗಿಡದ ಸರಾಸರಿ ಅಗತ್ಯವಾಗಿ 0.7ರಿಂದ ಗುಣಿಸಿದರೆ ದಿನಕ್ಕೆ ಐದೂವರೆ ಲೀಟರ್ ಬರುತ್ತದೆ. ಹರವು ಎರಡು ಮೀಟರ್ ಆದಾಗ ಅದು 22 ಲೀಟರ್ ಆಗುತ್ತದೆ, ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮರ ಬೆಳೆದಂತೆ ಹನಿ ನೀರಾವರಿಯ ಡ್ರಿಪ್ಪರುಗಳ ಸಂಖ್ಯೆಯನ್ನು ಹೆಚ್ಚಿಸದೆ ಮೊದಲ ವರ್ಷದ ಎರಡು ಡ್ರಿಪ್ಪರುಗಳಲ್ಲೇ ಬಿಟ್ಟವರ ತೋಟಗಳು ಮೂರನೆಯ ಬೇಸಿಗೆಯಲ್ಲಿ ಸೊರಗುವುದಕ್ಕೆ ಕಾರಣ ಇದೇ. ಡಿಸೆಂಬರ್‌ನಲ್ಲಿ ಆವಿ ಅರ್ಧಕ್ಕಿಂತ ಕೆಳಗಿಳಿಯುವುದರಿಂದ ಟೈಮರಿನ ಲೆಕ್ಕವನ್ನೂ ಇಳಿಸಬೇಕು.

ಪ್ರತಿದಿನ ಸ್ವಲ್ಪ ನೀರು ಕೊಡುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಆ ದಿನಗಳ ನೀರನ್ನೆಲ್ಲ ಒಟ್ಟಿಗೆ, ಬೆಳಗಿನ ಜಾವದಲ್ಲಿ ಕೊಟ್ಟರೆ ಬೇರು ಆಳಕ್ಕಿಳಿಯುತ್ತದೆ. ತೆಳು ಗರಸಿನ ನೆಲದಲ್ಲಿ ಮಾತ್ರ ದಿನ ಬಿಟ್ಟು ದಿನ ಕೊಡಬೇಕಾಗುತ್ತದೆ. ಡ್ರಿಪ್ಪರುಗಳು ಕಾಂಡಕ್ಕೆ ತಗಲದೆ ಎಲೆಗಳ ಹರವಿನ ಅಂಚಿನಲ್ಲಿರಲಿ, ಪ್ರತಿವರ್ಷ ಹೊರಕ್ಕೆ ಸರಿಯಲಿ. ವಾರಕ್ಕೊಮ್ಮೆ ಮಾತ್ರ ಜಮೀನಿಗೆ ಹೋಗುವವರು ಬ್ಯಾಟರಿ ಟೈಮರನ್ನು ನಂಬಿ ನಿಶ್ಚಿಂತೆಯಾಗಿರಬಾರದು. ಮೇಲಿನ ಟ್ಯಾಂಕಿನಲ್ಲಿ ವಾರದ ಮಧ್ಯದಲ್ಲಿ ನೀರು ಉಳಿದಿದೆಯೇ ಎಂದು ಫೋಟೊ ಕಳಿಸುವ ನೆರೆಯವರೊಬ್ಬರು ಆ ಟೈಮರಿಗಿಂತ ಬೆಲೆಬಾಳುತ್ತಾರೆ. ಸುಗ್ಗಿಯಲ್ಲಿ ಅವರ ಮನೆಗೆ ಮೊದಲ ಬುಟ್ಟಿ ಹೋಗಲಿ.

ಉಪ್ಪಿನ ಸಂಗತಿಗೆ ಇಲ್ಲಿ ತುಸು ಹೆಚ್ಚು ಜಾಗ ಕೊಡಬೇಕಿದೆ. ಹನಿ ನೀರಾವರಿಯಲ್ಲಿ ನೀರು ಡ್ರಿಪ್ಪರಿನಿಂದ ಹೊರಕ್ಕೆ ಹರಡುತ್ತಾ ಹೋಗಿ ಒದ್ದೆ ವೃತ್ತದ ಅಂಚಿನಲ್ಲಿ ಆವಿಯಾಗುತ್ತದೆ, ಉಪ್ಪು ಆ ಅಂಚಿನಲ್ಲಿ ಬಿಳಿ ಉಂಗುರವಾಗಿ ಉಳಿಯುತ್ತದೆ. ಬೇಸಿಗೆಯಿಡೀ ಹೀಗೆ ಕೂಡಿದ ಉಪ್ಪು ಮೇ ಕೊನೆಯ ಅಥವಾ ಜೂನ್ ಮೊದಲ ಸಣ್ಣ ಮಳೆಗೆ ಕರಗಿ, ಹೊರಗೆ ಹೋಗುವ ಬದಲು ನೇರವಾಗಿ ಬೇರಿನ ಬಳಿಗೆ ಇಳಿಯುತ್ತದೆ. ಮಳೆ ಬಂತೆಂದು ಎಲ್ಲರೂ ಡ್ರಿಪ್ ನಿಲ್ಲಿಸುವುದು ಆ ದಿನವೇ, ಎಲೆಗಳು ದಿಢೀರನೆ ಸುಡುವುದೂ ಆ ವಾರವೇ. ಹತ್ತು ಹದಿನೈದು ಮಿಲಿಮೀಟರಿನ ಮಳೆ ಬಿದ್ದಾಗ ಡ್ರಿಪ್ಪನ್ನು ನಿಲ್ಲಿಸದೆ ಚಾಲೂ ಇಟ್ಟು ಉಪ್ಪನ್ನು ಹೊರಕ್ಕೆ ತಳ್ಳುತ್ತಲೇ ಇರಬೇಕು. ನೆಲ ಪೂರ್ತಿ ನೆನೆಯುವ ದೊಡ್ಡ ಮಳೆಯ ನಂತರವೇ ನಿಲ್ಲಿಸಬೇಕು. ಇದಲ್ಲದೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ವಾಡಿಕೆಯ ಎರಡು ಪಟ್ಟು ನೀರು ಬಿಟ್ಟು ಉಪ್ಪನ್ನು ಬೇರಿನ ಕೆಳಗೆ ಇಳಿಸುವುದು ಒಳ್ಳೆಯದು. ರಾಸಾಯನಿಕ ಗೊಬ್ಬರವೂ ಒಂದು ಉಪ್ಪೇ ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಅದನ್ನು ಮುಟ್ಟಬೇಡಿ.

ಹೊದಿಕೆ ಮತ್ತು ಪೋಷಣೆ

ಬೇರಿನ ಸುತ್ತಲ ಮಣ್ಣು 35 ಡಿಗ್ರಿ ದಾಟಿದರೆ ಹೆಚ್ಚಿನ ಹಣ್ಣಿನ ಮರಗಳ ಎಳೆ ಬೇರು ಬೆಳೆಯುವುದು ಕುಂಠಿತವಾಗುತ್ತದೆ. ಕಬ್ಬಿನ ಪ್ರದೇಶವಾದ್ದರಿಂದ ರವದಿ (ಕಬ್ಬಿನ ಒಣಗರಿ) ಇಲ್ಲಿ ಧಾರಾಳ. ರೈತರು ಹೊಲದಲ್ಲೇ ಅದಕ್ಕೆ ಬೆಂಕಿಯಿಡುವ ಮೊದಲು ಕೇಳಿದರೆ ಒಂದು ಟ್ರ್ಯಾಕ್ಟರ್ ಟ್ರಾಲಿ ಕಡಿಮೆ ಬೆಲೆಗೆ ಸಿಗುತ್ತದೆ. ನಾಲ್ಕು ಅಂಗುಲ ದಪ್ಪ ಹರಡಿ, ಕಾಂಡದ ಸುತ್ತ ಅರ್ಧ ಅಡಿ ಖಾಲಿ ಬಿಡಿ, ಗೆದ್ದಲು ಕಂಡರೆ ಸರಿಸಿ ನೋಡಿ. ಮಳೆಗಾಲದಲ್ಲಿ ಹೊದಿಕೆಯನ್ನು ಕಾಂಡದಿಂದ ಇನ್ನಷ್ಟು ದೂರ ಎಳೆಯಿರಿ.

ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಸುಣ್ಣ ಅದನ್ನು ಹಿಡಿದಿಟ್ಟಿರುತ್ತದೆ. ಅಂಗಡಿಯವರು ಕೊಡುವ ಇ.ಡಿ.ಟಿ.ಎ. ರೂಪದ ಕಬ್ಬಿಣ ನಮ್ಮ ಪಿ.ಎಚ್.ನಲ್ಲಿ ಮಣ್ಣಿಗೆ ಹಾಕಿದರೆ ಬೇಗ ನಿಷ್ಪ್ರಯೋಜಕವಾಗುತ್ತದೆ, ಇ.ಡಿ.ಡಿ.ಎಚ್.ಎ. ರೂಪದ ಕೆಂಪು ಪುಡಿಯನ್ನೇ ಕೇಳಿ ತನ್ನಿ. ಬೆಲೆ ಹೆಚ್ಚು, ಆದರೆ ಅದು ಕೆಲಸ ಮಾಡುತ್ತದೆ.

ಡ್ರ್ಯಾಗನ್ ಹಣ್ಣು

ಏಳು ಅಡಿಯ ಸಿಮೆಂಟ್ ಕಂಬವನ್ನು ಎರಡು ಅಡಿ ಹೂತು, ಮೇಲೆ ಸಿಮೆಂಟ್ ಬಳೆ ಕೂರಿಸಿ, ಸುತ್ತ ಕಾಂಡದ ನಾಲ್ಕು ತುಂಡುಗಳನ್ನು ನೆಡುವುದು ಎಲ್ಲೆಡೆ ನಡೆದುಬಂದ ಕ್ರಮ. ಸಾಲಿನಿಂದ ಸಾಲಿಗೆ 10 ಅಡಿ, ಕಂಬದಿಂದ ಕಂಬಕ್ಕೆ 8 ಅಡಿ ಬಿಟ್ಟರೆ 10 ಗುಂಟೆಯಲ್ಲಿ ಸುಮಾರು 130 ಕಂಬ ಹಿಡಿಯುತ್ತವೆ. ಕತ್ತರಿಸಿದ ಒಂದೂವರೆ ಅಡಿಯ ತುಂಡನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ, ಗಾಯ ಆರಿದ ಮೇಲೆ ನೆಡಬೇಕು. ತಲೆಕೆಳಗಾಗಿ ನೆಡದಂತೆ ಕೆಳತುದಿಗೆ ಗುರುತು ಹಾಕಿಕೊಳ್ಳುವುದು ಜಾಣತನ. ಮೇಲೇರುವ ತನಕ ಪಕ್ಕದ ಚಿಗುರುಗಳನ್ನೆಲ್ಲ ಚಿವುಟಿ ಒಂದೇ ಕಾಂಡವನ್ನು ಬಳೆಯವರೆಗೆ ಒಯ್ದು, ಅಲ್ಲಿ ತುದಿ ಮುರಿದರೆ ಕವಲುಗಳು ಜೋತುಬೀಳುತ್ತವೆ.

ಮಾರ್ಚ್‌ನಿಂದ ಮೇ ತನಕ ಕಾಂಡ ಹಳದಿಯಾಗಿ ಬಿಳುಚುವುದು ಬಿಸಿಲಿನ ಸುಡುವಿಕೆ. ಆ ಮೂರು ತಿಂಗಳು ಶೇಕಡಾ 30ರಿಂದ 50ರ ಪರದೆಯನ್ನು ಮೇಲೆ ಕಟ್ಟಬೇಕು, ಅಥವಾ ಲೀಟರಿಗೆ 50 ಗ್ರಾಂ ಕೇಯೊಲಿನ್ ಜೇಡಿಯನ್ನು ಕಲಸಿ ಸಿಂಪಡಿಸಿ ಬಿಳಿ ಲೇಪ ಕೊಡಬೇಕು. ಜೂನ್ ಮಳೆ ಹಿಡಿದೊಡನೆ ಪರದೆಯನ್ನು ತೆಗೆದುಬಿಡಿ, ಆಗ ಹೂವಿಗೆ ಬೆಳಕು ಬೇಕು. ಹೂವು ರಾತ್ರಿ ಅರಳಿ ಬೆಳಿಗ್ಗೆ ಬಾಡುತ್ತದೆ. ಕೆಂಪು ತಿರುಳಿನ ಕೆಲವು ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ ಎರಡು ಬೇರೆ ತಳಿಗಳನ್ನು ಬೆರೆಸಿ ನೆಟ್ಟು, ಬೇಕಾದರೆ ರಾತ್ರಿ ಬ್ರಶ್ಶಿನಿಂದ ಪರಾಗ ಸೋಕಿಸಬೇಕಾಗುತ್ತದೆ. ಹೂವಾದ ಸುಮಾರು ಒಂದು ತಿಂಗಳಿಗೆ ಹಣ್ಣು ಕೈಗೆ ಬರುತ್ತದೆ. ಮಳೆಗಾಲದ ಕಾಂಡಕೊಳೆಗೆ ರೋಗ ತಗುಲಿದ ಭಾಗವನ್ನು ಒಣ ದಿನದಲ್ಲಿ ಕತ್ತರಿಸಿ ತೋಟದ ಹೊರಗೆ ಸುಡುವುದೇ ಮೊದಲ ಮದ್ದು.

ಅಂಜೂರ

ಪುಣೆ ಅಂಜೂರ ಎಂಬ ತಳಿಗೆ ಪರಾಗಸ್ಪರ್ಶ ಬೇಕಿಲ್ಲ. ಸ್ಮಿರ್ನಾ ಜಾತಿಯದಕ್ಕೆ ವಿಶೇಷ ಕಣಜವೇ ಬೇಕಾಗುವುದರಿಂದ, ಹೆಸರಿನ ಆಕರ್ಷಣೆಗೆ ಬಿದ್ದು ಅದನ್ನು ತರಬೇಡಿ. ಮಳೆಗಾಲ ಮುಗಿಯುತ್ತಿದ್ದಂತೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಚಾಟಣಿ ಮಾಡಿ (ಕೊಂಬೆ ಸವರಿ) ಗೊಬ್ಬರ ನೀರು ಕೊಟ್ಟರೆ ಫೆಬ್ರವರಿಯಿಂದ ಬೇಸಿಗೆಯವರೆಗೆ ಬರುವುದು ಮೀಠಾ ಬಹಾರ, ಅಂದರೆ ಸಿಹಿ ಫಸಲು. ಒಣ ಹವೆಯಲ್ಲಿ ಬಲಿತ ಈ ಹಣ್ಣೇ ಸಿಹಿ. ಮಳೆಗಾಲದ ಫಸಲಾದ ಖಟ್ಟಾ ಬಹಾರದ ಹಣ್ಣು ಹೆಸರಿಗೆ ತಕ್ಕಂತೆ ಹುಳಿ, ಜೊತೆಗೆ ತುಕ್ಕು ರೋಗದ ಕಾಟ. ಮನೆ ಬಳಕೆಗೆ ಮೀಠಾ ಒಂದೇ ಸಾಕು. ಹಣ್ಣು ಬಲಿಯುವಾಗ ನೀರು ಒಮ್ಮೆ ತಪ್ಪಿ ಮರುದಿನ ಹೆಚ್ಚಾದರೆ ಸಿಪ್ಪೆ ಬಿರಿಯುತ್ತದೆ. ಹಕ್ಕಿಗಳು ನಿಮಗಿಂತ ಒಂದು ದಿನ ಮೊದಲು ಹಣ್ಣಾದದ್ದನ್ನು ಕಂಡುಹಿಡಿಯುವುದರಿಂದ ಬಲೆ ಅನಿವಾರ್ಯ.

ಬೆಣ್ಣೆಹಣ್ಣು ಮತ್ತು ಖರ್ಜೂರ

ಕೊಡಗಿನಲ್ಲಿ ಕಾಫಿ ನೆರಳಿನಡಿ ಸಲೀಸಾಗಿ ಬೆಳೆಯುವ ಬೆಣ್ಣೆಹಣ್ಣು ಇಲ್ಲಿ ಮೂರು ಶತ್ರುಗಳನ್ನು ಎದುರಿಸುತ್ತದೆ: ಕ್ಲೋರೈಡ್, ಒಣಗಾಳಿ ಮತ್ತು ಫೈಟಾಫ್ತೊರಾ ಬೇರುಕೊಳೆ. ಮೆಕ್ಸಿಕನ್, ಗ್ವಾಟೆಮಾಲನ್, ವೆಸ್ಟ್ ಇಂಡಿಯನ್ ಎಂಬ ಮೂರು ಕುಲಗಳಲ್ಲಿ ಉಪ್ಪನ್ನು ಹೆಚ್ಚು ತಾಳುವುದು ಮೂರನೆಯದು. ಆದ್ದರಿಂದ ಮೇಲಿನ ತಳಿ ಯಾವುದೇ ಇರಲಿ, ವೆಸ್ಟ್ ಇಂಡಿಯನ್ ಬೀಜದ ಬೇರುಗಿಡದ ಮೇಲೆ ಕಸಿ ಮಾಡಿದ ಸಸಿಯನ್ನು ಕೇಳಿ ಪಡೆಯಬೇಕು. ಅದು ಗೊತ್ತಿಲ್ಲವೆನ್ನುವ ನರ್ಸರಿಯಿಂದ ಕೊಳ್ಳದಿರುವುದು ಒಳ್ಳೆಯದು. ಇದರ ಹೂವು ಒಂದು ಹೊತ್ತು ಹೆಣ್ಣಾಗಿ ಅರಳಿ, ಮುಚ್ಚಿ, ಮರುದಿನ ಇನ್ನೊಂದು ಹೊತ್ತು ಗಂಡಾಗಿ ಅರಳುತ್ತದೆ. ಹಾಸ್‌ನಂಥ ಎ ಗುಂಪಿನದರ ಪಕ್ಕದಲ್ಲಿ ಫ್ಯುಯೆರ್ಟೆಯಂಥ ಬಿ ಗುಂಪಿನ ಮರವಿದ್ದರೆ ಕಾಯಿ ಹೆಚ್ಚು. ಮೊದಲ ಎರಡು ಮೂರು ಬೇಸಿಗೆ ನೆರಳು ಕಡ್ಡಾಯ, ಅರ್ಧ ಅಡಿ ದಪ್ಪದ ಹೊದಿಕೆ ಕಡ್ಡಾಯ, ದಿಬ್ಬ ಕಡ್ಡಾಯ. ಮಳೆನೀರು ಹಿಡಿದಿಟ್ಟ ಕೃಷಿಹೊಂಡವಿದ್ದರೆ ಆ ನೀರನ್ನು ಬೆಣ್ಣೆಹಣ್ಣಿಗೇ ಮೀಸಲಿಡಿ. ಇಷ್ಟಾದರೂ ಏಪ್ರಿಲ್ ಬಿಸಿಗಾಳಿಗೆ ಗೋಲಿಗಾತ್ರದ ಕಾಯಿಗಳು ಉದುರುತ್ತವೆ. ಮನೆಗೆ ಎರಡು ಮರ ಇರಲಿ. ಲಾಭದ ಲೆಕ್ಕ ಹಾಕಿ ಇಂದಾಪುರದಲ್ಲಿ ಎಕರೆಗಟ್ಟಲೆ ನೆಡುವುದು ನನಗೆ ಒಪ್ಪಿಗೆಯಿಲ್ಲ.

ಖರ್ಜೂರದಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಬೀಜದಿಂದ ಬಂದ ಸಸಿಗಳಲ್ಲಿ ಸುಮಾರು ಅರ್ಧ ಗಂಡಾಗುವುದರಿಂದ ಅಂಗಾಂಶ ಕೃಷಿಯ ಹೆಣ್ಣು ಸಸಿಯನ್ನೇ ಕೊಳ್ಳಬೇಕು. ಹಣ್ಣು ಬಲಿಯುವಾಗ ಮಳೆ ಬೀಳುವ ಕಡೆಗೆ ಸರಿಹೊಂದುವುದು ಬರ್ಹಿ ತಳಿ, ಏಕೆಂದರೆ ಅದನ್ನು ಹಳದಿಯಾಗಿ ಗರಿಗರಿಯಾಗಿರುವಾಗಲೇ ತಿನ್ನಬಹುದು, ಮರದಲ್ಲೇ ಒಣಗುವ ತನಕ ಕಾಯಬೇಕಿಲ್ಲ. ಕಚ್ಛದ ರೈತರೂ ಮಳೆಗೆ ಮುಂಚಿತವಾಗಿ ಹಸಿ ಖರ್ಜೂರವನ್ನೇ ಕೊಯ್ದು ಮಾರುತ್ತಾರೆ. ಹೂಗೊಂಚಲು ಒಡೆದಾಗ ಗಂಡು ಹೂವಿನ ಪರಾಗವನ್ನು ಕೈಯಿಂದ ಹಾಕಬೇಕು, ಮೇ ಕೊನೆಗೆ ಗೊಂಚಲಿಗೆ ಮೇಣಗಾಗದದ ಅಥವಾ ಕೆಳಬಾಯಿ ತೆರೆದ ಪ್ಲಾಸ್ಟಿಕ್ ಚೀಲ ತೊಡಿಸಬೇಕು. ಮರದಿಂದ ಮರಕ್ಕೆ 8 ಮೀಟರ್ ಬೇಕಾಗುವುದರಿಂದ ಸಣ್ಣ ಜಮೀನಿನಲ್ಲಿ ಬೇಲಿಯ ಮೂಲೆಗೆ ಒಂದೆರಡು ಸಾಕು.

ತಾರಸಿಯಲ್ಲಿ ಬೆಳೆಸುವವರಿಗೆ

ಜಮೀನಿಲ್ಲದವರು ಫ್ಲ್ಯಾಟಿನ ತಾರಸಿಯಲ್ಲಿ ಅಂಜೂರ, ಡ್ರ್ಯಾಗನ್ ಹಣ್ಣು, ಬಾರ್ಬಡೋಸ್ ಚೆರ್ರಿ, ಕುಳ್ಳ ದಾಳಿಂಬೆ ಬೆಳೆಸಬಹುದು. 100 ಲೀಟರಿನ ಡ್ರಮ್ಮಿನಲ್ಲಿ ಒದ್ದೆ ಮಣ್ಣು 150 ಕಿಲೋ ಮೀರಿ ತೂಗುತ್ತದೆ. ಸೊಸೈಟಿಯ ಅನುಮತಿ ಪಡೆದು, ತೊಲೆ ಅಥವಾ ಗೋಡೆಯ ಮೇಲೆ ಬರುವಂತೆ ಇಡಬೇಕು, ಚಪ್ಪಡಿಯ ನಡುವೆ ಸಾಲಾಗಿ ಇಡಬಾರದು. ಕಪ್ಪು ಡ್ರಮ್ಮಿಗೆ ಬಿಳಿ ಬಣ್ಣ ಬಳಿದು, ಇಟ್ಟಿಗೆಗಳ ಮೇಲೆ ಎತ್ತಿ, ಪಶ್ಚಿಮದ ಬದಿಗೆ ಸಣ್ಣ ಕುಂಡಗಳನ್ನು ಅಡ್ಡ ಇಟ್ಟರೆ ಬೇರು ಬೇಯುವುದು ತಪ್ಪುತ್ತದೆ.

ನೀರಿನ ವಿಷಯದಲ್ಲಿ ನಗರದವರಿಗೆ ಎರಡು ಎಚ್ಚರಿಕೆಗಳಿವೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿದ ಅನೇಕ ಸೊಸೈಟಿಗಳಲ್ಲಿ ಗಡಸು ನೀರನ್ನು ಮೆದುವಾಗಿಸುವ ಯಂತ್ರವಿದೆ. ಅದು ಸುಣ್ಣವನ್ನು ತೆಗೆದು ಅದರ ಬದಲಿಗೆ ಸೋಡಿಯಂ ಸೇರಿಸುತ್ತದೆ. ಬಟ್ಟೆ ಒಗೆಯಲು ಸೊಗಸಾದ ಆ ನೀರು ಕುಂಡದ ಮಣ್ಣನ್ನು ಎರಡು ವರ್ಷದೊಳಗೆ ಕೆಡಿಸುತ್ತದೆ, ಆದ್ದರಿಂದ ಯಂತ್ರಕ್ಕೆ ಮೊದಲಿನ ನಲ್ಲಿಯಿಂದ ನೀರು ಹಿಡಿಯಿರಿ. ಮನೆಯ ಆರ್.ಒ. ಶುದ್ಧೀಕರಣ ಯಂತ್ರ ಹೊರಚೆಲ್ಲುವ ನೀರಿನಲ್ಲಿ ಮೂಲ ನೀರಿಗಿಂತ ಉಪ್ಪು ಹೆಚ್ಚಿರುತ್ತದೆ. ಅದರಿಂದ ನೆಲ ಒರೆಸಿ, ಗಿಡಕ್ಕೆ ಹಾಕಬೇಡಿ. ಮಳೆಗಾಲದಲ್ಲಿ ಡ್ರಮ್ಮಿನ ತೂತುಗಳು ಕಟ್ಟಿಕೊಂಡಿಲ್ಲವೆಂದು ವಾರಕ್ಕೊಮ್ಮೆ ಕಡ್ಡಿ ಹಾಕಿ ನೋಡಿ. ಮೂರು ವರ್ಷಕ್ಕೊಮ್ಮೆ, ಎಲೆ ಉದುರಿ ಗಿಡ ವಿಶ್ರಮಿಸುವ ಹೊತ್ತಿನಲ್ಲಿ ಅಂಜೂರವನ್ನು ಡ್ರಮ್ಮಿನಿಂದ ಹೊರತೆಗೆದು, ಹೊರಸುತ್ತಿನ ಬೇರನ್ನು ಎರಡು ಅಂಗುಲ ಕತ್ತರಿಸಿ, ಹೊಸ ಮಣ್ಣು ತುಂಬಿ ಮತ್ತೆ ಕೂರಿಸಿ, ಅಷ್ಟೇ ಪ್ರಮಾಣದಲ್ಲಿ ಮೇಲಿನ ಕೊಂಬೆಗಳನ್ನೂ ಸವರಬೇಕು.